ಹೈಲಿಫ್ಟ್ ಜಾಕ್ ಗಾಡಿಯಲ್ಲಿ ಎಲ್ಲಿಡಬೇಕು, ಹೇಗೆ ಕಟ್ಟಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಥಾರ್, ಜಿಮ್ನಿ, ಗೂರ್ಖಾ, ಹಳೇ ಜಿಪ್ಸಿ, ಮಹೀಂದ್ರ ಜೀಪು ಇಟ್ಟುಕೊಂಡವರು ಹೈಲಿಫ್ಟ್ ಜಾಕ್ ಮನೆಗೆ ತಂದ ಮೇಲೆ ಒಂದು ತಲೆನೋವು ಶುರುವಾಗುತ್ತದೆ. ನಾಲ್ಕು ಅಡಿ ಉದ್ದದ, ಹೆಚ್ಚುಕಮ್ಮಿ 13 ಕೆಜಿ ತೂಕದ ಕಬ್ಬಿಣ ಅದು. ಸುಮಾರು ಗಾಡಿಗಳ ಡಿಕ್ಕಿಯಲ್ಲಿ ಅಡ್ಡಕ್ಕೆ ಹಿಡಿಸಲ್ಲ. ಉದ್ದಕ್ಕೆ ಇಟ್ಟರೆ ಸೀಟು ಮಡಚಬೇಕು. ಹೊರಗೆ ಕಟ್ಟಿದರೆ ಮಳೆ, ಕೆಸರು, ಕಳ್ಳರ ಕಾಟ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟದ ದಾರಿಗಳಲ್ಲಿ ಗಾಡಿ ಓಡಿಸುವವರನ್ನು ಮನಸ್ಸಲ್ಲಿಟ್ಟುಕೊಂಡು ಇಲ್ಲಿ ಉತ್ತರ ಬರೆದಿದ್ದೇನೆ. ಬೇರೆ ಕಡೆಯವರಿಗೂ ಬಹುಪಾಲು ಹೊಂದುತ್ತದೆ.

ಹೈಲಿಫ್ಟ್ ಜಾಕ್ ಅಂದರೆ ಯಾವುದು? ಗಾಡಿ ಜೊತೆ ಬಂದ ಜಾಕ್ ಸಾಲಲ್ವಾ?

ಉದ್ದಕ್ಕೂ ತೂತುಗಳಿರುವ ಉಕ್ಕಿನ ಬಾರ್, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯುವ ರನ್ನರ್, ಕೆಳಗೊಂದು ಸಣ್ಣ ತಟ್ಟೆ, ಮೇಲೊಂದು ಕ್ಲ್ಯಾಂಪ್, ಪಕ್ಕದಲ್ಲಿ ಉದ್ದನೆಯ ಹ್ಯಾಂಡಲ್. ಇಷ್ಟೇ. ಫಾರ್ಮ್ ಜಾಕ್ ಅಂತಲೂ ಕರೆಯುತ್ತಾರೆ. ಹೈಲಿಫ್ಟ್ ಅನ್ನುವುದು ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್ ಊರಿನ ಕಂಪನಿಯ ಹೆಸರು. 1905ರಿಂದ ಇದನ್ನು ಮಾಡುತ್ತಿದ್ದಾರೆ. ಈಗ ಯಾವ ಕಂಪನಿ ಮಾಡಿದರೂ ನಮ್ಮವರು ಹೈಲಿಫ್ಟ್ ಅಂತಲೇ ಹೇಳುತ್ತಾರೆ. 36, 48, 60 ಇಂಚಿನ ಅಳತೆಗಳಲ್ಲಿ ಸಿಗುತ್ತದೆ. ಅಸಲಿ ಜಾಕ್‌ಗೆ ಕಂಪನಿ ಹೇಳುವ ಎತ್ತುವ ಶಕ್ತಿ ಸುಮಾರು 2,100 ಕೆಜಿ.

ಗಾಡಿ ಜೊತೆ ಬರುವ ಜಾಕ್ ಇರುವುದು ಟಾರು ರಸ್ತೆಯಲ್ಲಿ ಪಂಚರ್ ಆದರೆ ಚಕ್ರ ಬದಲಿಸುವುದಕ್ಕೆ. ಗಾಡಿ ಹೊಟ್ಟೆ ನೆಲಕ್ಕೆ ತಾಗಿಸಿ ಕೂತಾಗ ಅದನ್ನು ಕೆಳಗೆ ತೂರಿಸಲು ಜಾಗವೇ ಇರಲ್ಲ. ಹೈಲಿಫ್ಟ್ ಹೊರಗಿನಿಂದ, ಬಂಪರ್ ಹಿಡಿದು ಎತ್ತುತ್ತದೆ. ಅದರ ಹೆಚ್ಚುಗಾರಿಕೆ ಅಲ್ಲೇ ಇದೆ.

ನನ್ನ ಗಾಡಿಗೆ ಇದು ನಿಜವಾಗಲೂ ಬೇಕಾ?

ಬಂಪರ್ ಪ್ಲಾಸ್ಟಿಕ್ಕಿನದಾದರೆ ಬಹುಶಃ ಬೇಡ. ಜಾಕ್‌ನ ನಾಲಿಗೆ (ಗಾಡಿಯನ್ನು ಹಿಡಿದೆತ್ತಲು ರನ್ನರ್‌ನಿಂದ ಹೊರಚಾಚಿದ ಭಾಗ) ಹಿಡಿಯೋದಕ್ಕೆ ಗಟ್ಟಿ ಉಕ್ಕಿನ ಜಾಗ ಬೇಕು. ಚಾಸಿಗೆ ಬೋಲ್ಟ್ ಮಾಡಿದ ಉಕ್ಕಿನ ಬಂಪರ್ ಅಥವಾ ಬಾಗಿಲ ಕೆಳಗಿನ ರಾಕ್ ಸ್ಲೈಡರ್ (ಕಲ್ಲಿನ ಪೆಟ್ಟು ತಡೆಯುವ ಉಕ್ಕಿನ ಕಂಬಿ) ಇರಬೇಕು. ಷೋರೂಮಿನಿಂದ ಬಂದ ಹಾಗೇ ಇರುವ ಜಿಮ್ನಿಗೋ ಥಾರ್‌ಗೋ ಹೈಲಿಫ್ಟ್ ಕಟ್ಟಿಕೊಂಡು ಓಡಾಡಿದರೆ ಅದು ಸುಮ್ನೆ ಒಡವೆ. ಬಾಗಿಲಿನ ಅಂಚಿಗೋ ಬಂಪರ್‌ನ ಪ್ಲಾಸ್ಟಿಕ್ಕಿಗೋ ಕೊಟ್ಟು ಎತ್ತಲು ಹೋದರೆ ಮುರಿಯುವುದು ಗಾಡಿಯೇ.

ಒಂದು ದಾರಿ ಇದೆ. ಚಕ್ರದ ರಿಮ್ಮಿಗೆ ಎರಡು ಕೊಕ್ಕೆ ಸಿಕ್ಕಿಸಿ ಚಕ್ರವನ್ನೇ ಎತ್ತುವ ಪಟ್ಟಿ ಸಿಗುತ್ತದೆ. ಅದಿದ್ದರೆ ಬಂಪರ್ ಹೇಗಿದ್ದರೂ ನಡೆಯುತ್ತದೆ. ಇನ್ನೂ ಒಂದು ಲಾಭ: ಬಂಪರ್ ಹಿಡಿದು ಎತ್ತಿದರೆ ಮೊದಲು ಸಸ್ಪೆನ್ಷನ್ ಇಳಿಬೀಳುತ್ತದೆ, ಚಕ್ರ ನೆಲ ಬಿಡುವುದು ಆಮೇಲೆ. ಚಕ್ರವನ್ನೇ ಎತ್ತಿದರೆ ಆ ಎತ್ತರ ಉಳಿಯುತ್ತದೆ. ನನ್ನನ್ನು ಕೇಳಿದರೆ ಜಾಕ್ ಕೊಳ್ಳುವ ದಿನವೇ ಈ ಪಟ್ಟಿಯನ್ನೂ ಕೊಳ್ಳಿ.

ಜಾಗ ಆರಿಸುವಾಗ ಮೊದಲು ಏನು ನೋಡಬೇಕು?

ಚೆನ್ನಾಗಿ ಕಾಣುತ್ತದಾ ಅನ್ನುವುದನ್ನು ಬಿಟ್ಟು ಎರಡು ವಿಷಯ ನೋಡಿ.

ಒಂದು, ಗಾಡಿ ಸಿಕ್ಕಿಹಾಕಿಕೊಂಡಾಗ ಕೈಗೆ ಸಿಗುತ್ತದಾ? ಗಾಡಿ ಸಮತಟ್ಟಾದ ಜಾಗದಲ್ಲಿ ಸಿಕ್ಕಿಕೊಳ್ಳುವುದು ಅಪರೂಪ. ಒಂದು ಪಕ್ಕ ಚರಂಡಿಗೆ ವಾಲಿರುತ್ತದೆ, ಇಲ್ಲಾಂದ್ರೆ ಹಿಂಭಾಗ ಹಳ್ಳದಲ್ಲಿರುತ್ತದೆ. ಎಡಗಡೆ ಕಟ್ಟಿದ ಜಾಕ್ ಧರೆಗೆ ಒತ್ತಿಕೊಂಡಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಹಿಂದಿನ ಬಾಗಿಲು ತೆರೆಯಲು ಆಗದಿದ್ದರೆ ಒಳಗಿಟ್ಟ ಜಾಕ್ ಕಥೆಯೂ ಅದೇ.

ಎರಡು, ಗಾಡಿ ಯಾವುದಕ್ಕಾದರೂ ಗುದ್ದಿದರೆ ಅಥವಾ ಮಗುಚಿದರೆ ಈ 13 ಕೆಜಿ ಎಲ್ಲಿಗೆ ಹೋಗುತ್ತದೆ? ಗಂಟೆಗೆ 50 ಕಿಮೀ ವೇಗದಲ್ಲಿದ್ದ ಗಾಡಿ ಮರಕ್ಕೆ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. ಆ ಹೊತ್ತಿಗೆ ಜಾಕ್ ತನ್ನ ಕಟ್ಟನ್ನು ಸುಮಾರು 180 ಕೆಜಿ ತೂಕದಷ್ಟು ಬಲದಲ್ಲಿ ಮುಂದಕ್ಕೆ ಎಳೆಯುತ್ತದೆ. ಹಗ್ಗ, ಕೇಬಲ್ ಟೈ, ಸಾಮಾನು ಕಟ್ಟುವ ರಬ್ಬರ್ ಕೊಕ್ಕೆ, ಯಾವುದೂ ತಡೆಯಲ್ಲ.

ಈ ಎರಡಕ್ಕೂ ಸಮಾಧಾನಕರ ಉತ್ತರ ಸಿಗುವ ಜಾಗವೇ ಸರಿಯಾದ ಜಾಗ. ಉಳಿದಿದ್ದೆಲ್ಲ ಆಮೇಲೆ.

ಮೇಲೆ ಕ್ಯಾರಿಯರ್‌ನಲ್ಲಿ ಕಟ್ಟಿದರೆ?

ಎಲ್ಲರೂ ಮೊದಲು ಯೋಚಿಸುವುದು ಇದನ್ನೇ. ಕೆಸರು ಮುಟ್ಟಲ್ಲ, ಜಾಗ ತಿನ್ನಲ್ಲ, ಕಳ್ಳರಿಗೂ ಸುಲಭಕ್ಕೆ ಎಟುಕಲ್ಲ. ಆದರೆ ಕಳ್ಳರಿಗೆ ಎಟುಕದ್ದು ನಿಮಗೂ ಎಟುಕಲ್ಲ. ಮಳೆಯಲ್ಲಿ, ಕೆಸರು ಮೆತ್ತಿದ ಬೂಟಿನಲ್ಲಿ, ವಾಲಿದ ಗಾಡಿಯ ಚಕ್ರದ ಮೇಲೆ ಹತ್ತಿ ನಿಂತು ತಲೆಗಿಂತ ಎತ್ತರದಿಂದ 13 ಕೆಜಿ ಇಳಿಸಬೇಕು. ಕೈಜಾರಿದರೆ ಗಾಜಿಗೋ ಕಾಲಿಗೋ ಬೀಳುತ್ತದೆ.

ತೂಕದ ವಿಷಯವೂ ಇದೆ. ಛಾವಣಿ ಎಷ್ಟು ಭಾರ ತಡೆಯುತ್ತದೆ ಅಂತ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಅದರಲ್ಲಿ ಕ್ಯಾರಿಯರ್‌ನ ತೂಕವೂ ಸೇರುತ್ತದೆ. ಕ್ಯಾರಿಯರ್, ಜಾಕ್, ಮೇಲೊಂದು ಟೆಂಟ್ ಅಂತ ಏರಿಸುತ್ತಾ ಹೋದರೆ ಮಿತಿ ಬಹಳ ಬೇಗ ದಾಟುತ್ತದೆ. ಜಿಮ್ನಿ, ಜಿಪ್ಸಿಯಂಥ ಅಗಲ ಕಡಿಮೆಯ ಹಗುರ ಗಾಡಿಗಳಿಗೆ ನೆತ್ತಿಯ ಮೇಲಿನ ಭಾರ ಇನ್ನೂ ಜಾಸ್ತಿ ಕಾಡುತ್ತದೆ. ಅಡ್ಡ ಇಳಿಜಾರಿನಲ್ಲಿ ಹೋಗುವಾಗ ಗೊತ್ತಾಗುತ್ತದೆ.

ಬೇರೆ ಜಾಗವೇ ಇಲ್ಲ ಅಂದರೆ ಕ್ಯಾರಿಯರ್‌ನ ಮೇಲೆ ಬೇಡ, ಬದಿಯ ಕಂಬಿಗೆ ಕಟ್ಟಿ. ಚಾಲಕನ ಕಡೆ ಆಗಲಿ, ಯಾಕಂದರೆ ನಮ್ಮ ದಾರಿಗಳಲ್ಲಿ ಕೊಂಬೆಗಳು ಉಜ್ಜುವುದು ಹೆಚ್ಚಾಗಿ ಎಡಗಡೆ.

ಬಾನೆಟ್ ಮೇಲೆ?

ಅಮೆರಿಕದ ಜೀಪುಗಳ ಫೋಟೋ ನೋಡಿದವರಿಗೆ ಇದರ ಮೇಲೆ ಆಸೆ. ಬೇಡ ಅನ್ನುತ್ತೇನೆ. ದಿಣ್ಣೆ ಹತ್ತಿ ಆ ಕಡೆ ಇಳಿಯುವ ಕ್ಷಣದಲ್ಲಿ ಮೊದಲೇ ದಾರಿ ಕಾಣಲ್ಲ, ಅದರ ಮೇಲೆ ಒಂದು ಕಂಬಿ ಅಡ್ಡ. ಬಾನೆಟ್ ತಗಡು ತೆಳು. ಕುಲುಕಾಟಕ್ಕೆ ಬೋಲ್ಟ್ ತೂತಿನ ಸುತ್ತ ಬಿರುಕು ಬರುತ್ತದೆ. ಗುದ್ದಿದರೆ ಜಾಕ್ ಬರುವುದು ನೇರ ಗಾಜಿನ ಕಡೆಗೆ. ರಸ್ತೆಯಲ್ಲಿ ನಡೆದು ಹೋಗುವವರಿಗೆ ಗಾಡಿ ತಾಗಿದರಂತೂ ಕೇಳಲೇಬೇಡಿ.

ಹಳೇ ಮಹೀಂದ್ರ ಜೀಪುಗಳಲ್ಲಿ ಮುಂದಿನ ಮಡ್‌ಗಾರ್ಡ್ ಚಪ್ಪಟೆ, ತಗಡೂ ದಪ್ಪ. ಅಲ್ಲಿ ಕೆಳಗೆ ಅಗಲವಾದ ಪ್ಲೇಟ್ ಕೊಟ್ಟು ಮಡ್‌ಗಾರ್ಡ್ ಪಕ್ಕಕ್ಕೆ ಕೂರಿಸಿದವರಿದ್ದಾರೆ. ಅದು ಪರವಾಗಿಲ್ಲ.

ಹಿಂದೆ ಸ್ಟೆಪ್ನಿ ಜೊತೆ ಕಟ್ಟಬಹುದಾ?

ಥಾರ್, ಜಿಮ್ನಿ, ಜಿಪ್ಸಿ, ಗೂರ್ಖಾ ಎಲ್ಲದರಲ್ಲೂ ಸ್ಟೆಪ್ನಿ ಹಿಂದಿನ ಬಾಗಿಲಿನಲ್ಲೇ ತೂಗುತ್ತದೆ. ಸ್ಟೆಪ್ನಿಯ ಬೋಲ್ಟುಗಳಿಗೇ ಸಿಕ್ಕಿಸುವ ಜಾಕ್ ಬ್ರಾಕೆಟ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ನೋಡಲು ಅಚ್ಚುಕಟ್ಟು, ಕೈಗೂ ಸಿಗುತ್ತದೆ. ಸಮಸ್ಯೆ ಬಾಗಿಲಿನ ಕೀಲಿನದು. ದೊಡ್ಡ ಟಯರ್ ಹಾಕಿದ ಸ್ಟೆಪ್ನಿಯೇ 25-30 ಕೆಜಿ ಬರುತ್ತದೆ. ಅದರ ಹೊರಗೆ ಇನ್ನೊಂದು 13 ಕೆಜಿ ತೂಗುಹಾಕಿದರೆ ಕೀಲಿನಿಂದ ದೂರ ಇರುವುದರಿಂದ ಅದರ ಎಳೆತ ತೂಕಕ್ಕಿಂತ ಜಾಸ್ತಿ. ಗುಂಡಿಗೆ ಬಿದ್ದಾಗಲೆಲ್ಲ ಅದು ಇನ್ನೂ ಹಲವು ಪಟ್ಟು ಏರುತ್ತದೆ. ಸ್ವಲ್ಪ ದಿನಕ್ಕೆ ಬಾಗಿಲು ಜೋತು ಬೀಳುತ್ತದೆ, ಮುಚ್ಚುವಾಗ ಎತ್ತಿ ಮುಚ್ಚಬೇಕಾಗುತ್ತದೆ, ರಬ್ಬರ್ ಬೀಡಿಂಗ್‌ನಿಂದ ಧೂಳು ಒಳಗೆ ಬರುತ್ತದೆ.

ಹಿಂದೆಯೇ ಬೇಕು ಅಂದರೆ ಚಾಸಿಗೆ ಕೂರುವ ಉಕ್ಕಿನ ಹಿಂದಿನ ಬಂಪರ್ ಹಾಕಿಸಿ, ಅದರಲ್ಲೇ ತಿರುಗುವ ಸ್ಟೆಪ್ನಿ ತೋಳು ಮಾಡಿಸಿ. ಆಗ ಸ್ಟೆಪ್ನಿ, ಜಾಕ್ ಎರಡರ ಭಾರವೂ ಚಾಸಿಗೆ ಹೋಗುತ್ತದೆ. ಖರ್ಚು ಇದೆ, ಆದರೆ ಇದು ನಿಜವಾಗಿ ಬಾಳಿಕೆ ಬರುವ ಏರ್ಪಾಡು. ನಂಬರ್ ಪ್ಲೇಟ್, ಬ್ರೇಕ್ ಲೈಟ್, ರಿವರ್ಸ್ ಕ್ಯಾಮೆರಾ ಮರೆಯಾಗದ ಹಾಗೆ ನೋಡಿಕೊಳ್ಳಿ. ಹಿಂದಿನ ಚಕ್ರಗಳು ಎರಚುವ ಕೆಸರೆಲ್ಲ ಬಂದು ಕೂರುವುದೂ ಇಲ್ಲೇ, ಹಾಗಾಗಿ ರನ್ನರ್‌ಗೆ ಹೊದಿಕೆ ಕಡ್ಡಾಯ.

ಒಳಗೆ ಇಟ್ಟುಕೊಂಡರೆ ಒಳ್ಳೇದಲ್ವಾ?

ನನಗೆ ಇಷ್ಟವಾದ ಜಾಗ ಇದೇ, ಒಂದು ಷರತ್ತಿನ ಮೇಲೆ. ಜಾಕ್ ಅನ್ನು ಬೋಲ್ಟ್ ಹಾಕಿ ಬಿಗಿಯಬೇಕು. ಸೀಟಿನ ಹಿಂದೆ ಸುಮ್ನೆ ಮಲಗಿಸಿದರೆ ಮೇಲೆ ಹೇಳಿದ 180 ಕೆಜಿ ಲೆಕ್ಕ ನಿಮ್ಮ ಬೆನ್ನಿಗೇ ಬರುತ್ತದೆ.

ಒಳಗಿದ್ದರೆ ತುಕ್ಕು ಇಲ್ಲ, ಕೆಸರು ಇಲ್ಲ, ಕಳ್ಳತನದ ಭಯ ಕಡಿಮೆ, ಭಾರವೂ ತಗ್ಗಿನಲ್ಲಿ ಕೂರುತ್ತದೆ. ರೋಲ್ ಕೇಜ್ (ಗಾಡಿ ಮಗುಚಿದರೆ ಒಳಗಿದ್ದವರನ್ನು ಕಾಯುವ ಕಂಬಿಗಳ ಚೌಕಟ್ಟು) ಇರುವ ಜಿಪ್ಸಿ, ಜೀಪುಗಳಲ್ಲಿ ಹಿಂದಿನ ಕಂಬಿಗೆ ಕ್ಲ್ಯಾಂಪ್ ಹಾಕಿ ಅಡ್ಡಕ್ಕೆ ಕೂರಿಸಬಹುದು. ಕೂತವರ ತಲೆ ತಾಗುವ ಎತ್ತರದಲ್ಲಿ ಮಾತ್ರ ಬೇಡ. ಕೇಜ್ ಇಲ್ಲದಿದ್ದರೆ ಡಿಕ್ಕಿಯ ನೆಲದಲ್ಲಿ, ಹಿಂದಿನ ಸೀಟಿನ ಬೋಲ್ಟುಗಳಿಗೆ ಅಥವಾ ಚಾಸಿ ತನಕ ಇಳಿಯುವ ಬೋಲ್ಟುಗಳಿಗೆ ಬ್ರಾಕೆಟ್ ಕೊಡಬಹುದು. ತೂತು ಕೊರೆಯುವ ಮುಂಚೆ ಗಾಡಿ ಕೆಳಗೆ ಮಲಗಿ ನೋಡಿ. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್, ವೈರಿಂಗ್ ಎಲ್ಲ ಆ ತಗಡಿನ ಅಡಿಯಲ್ಲೇ ಇರುತ್ತವೆ.

ಇಬ್ಬರೇ ಓಡಾಡುವವರಾದರೆ ಹಿಂದಿನ ಸೀಟಿನ ಅರ್ಧ ಮಡಚಿ ಉದ್ದಕ್ಕೆ ಕೂರಿಸಿ. ಮಕ್ಕಳು, ಅತ್ತೆ-ಮಾವ ಎಲ್ಲ ಇದೇ ಗಾಡಿಯಲ್ಲಿ ಮದುವೆ ಮನೆಗೆ ಹೋಗಬೇಕು ಅಂದರೆ ಬಿಚ್ಚಿ ಇಡಲು ಬರುವ ಹಾಗೆ ಮಾಡಿಸಿ. ಡಿಕ್ಕಿ ಚಿಕ್ಕದಾದರೆ 36 ಇಂಚಿನ ಜಾಕ್ ನೋಡಬಹುದು. ಅದರ ಎತ್ತುವ ಎತ್ತರ ಕಡಿಮೆ. ಸಸ್ಪೆನ್ಷನ್ ಎತ್ತರಿಸದ ಗಾಡಿಗೆ ಹೆಚ್ಚಿನ ಸಲ ಸಾಕಾಗುತ್ತದೆ, ಮುಖ್ಯವಾಗಿ ಚಕ್ರ ಎತ್ತುವ ಪಟ್ಟಿ ಜೊತೆಗಿದ್ದರೆ.

ಬಾಗಿಲ ಕೆಳಗಿನ ಸ್ಲೈಡರ್‌ಗೆ?

ಬೇಡ. ಕಲ್ಲು, ಕೆಸರು, ನೀರು, ಮೂರೂ ಮೊದಲು ತಾಗುವ ಜಾಗ ಅದು. ಜಾಕ್ ಹಾಕಿ ಎತ್ತಬೇಕಾದ ಜಾಗದಲ್ಲೇ ಜಾಕ್ ಕಟ್ಟಿದ ಹಾಗೂ ಆಗುತ್ತದೆ.

ಬ್ರಾಕೆಟ್ ಕೊಳ್ಳೋದಾ, ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸೋದಾ?

ಎರಡೂ ಆಗುತ್ತದೆ. ರೆಡಿಮೇಡ್ ಬ್ರಾಕೆಟ್ ಆನ್‌ಲೈನ್‌ನಲ್ಲೂ ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ವಿಚಾರಿಸಿದರೂ ಸಿಗಬಹುದು. ಆದರೆ ನಿಮ್ಮ ಗಾಡಿಗೇ ಅಳತೆ ಹಿಡಿದು ಮಾಡಿದ್ದು ಹೆಚ್ಚು ಸರಿಯಾಗಿ ಕೂರುತ್ತದೆ. ತೋಟದ ಟ್ರೇಲರ್, ಗೇಟು ಮಾಡುವ ವೆಲ್ಡರ್‌ಗೆ ಇದು ಅರ್ಧ ದಿನದ ಕೆಲಸ.

ಹೇಳಬೇಕಾದ್ದು ಇಷ್ಟು. ಪ್ಲೇಟ್ 5 ಎಂಎಂ ಇರಲಿ. ಎರಡು ಬ್ರಾಕೆಟ್ ನಡುವೆ ಕನಿಷ್ಠ ಎರಡು ಅಡಿ ಅಂತರ ಇರಲಿ. ಹತ್ತಿರ ಇಟ್ಟರೆ ಜಾಕ್‌ನ ತುದಿಗಳು ತೂಗಾಡಿ ಬ್ರಾಕೆಟ್ ಅನ್ನೇ ಬಗ್ಗಿಸುತ್ತವೆ. ಜಾಕ್‌ನ ಭಾರವೆಲ್ಲ ಇರುವುದು ರನ್ನರ್ ಹತ್ತಿರ. ಅದು ಎರಡು ಬ್ರಾಕೆಟ್‌ಗಳ ನಡುವೆ, ಒಂದಕ್ಕೆ ಅಂಟಿಕೊಂಡ ಹಾಗೆ ಬರಲಿ. ತಗಡಿಗೆ ಕೂರಿಸುವುದಾದರೆ ಹಿಂಬದಿಯಲ್ಲಿ ಅಂಗೈ ಅಗಲದ ಪ್ಲೇಟ್ ಕೊಡಿ. ಬರೀ ವಾಷರ್ ಹಾಕಿದರೆ ತಗಡು ಹರಿದುಕೊಂಡು ಬರುತ್ತದೆ. ವೆಲ್ಡಿಂಗ್ ಮುಗಿದ ಮೇಲೆ ಪ್ರೈಮರ್, ಆಮೇಲೆ ಬಣ್ಣ. ಬಣ್ಣ ಮಾಡದೆ ಹಾಗೇ ಬಿಟ್ಟ ವೆಲ್ಡಿಂಗ್‌ಗೆ ಮಲೆನಾಡಿನ ಒಂದು ಮಳೆಗಾಲ ಸಾಕು.

ಒಂದು ಮಾತು: ಚಾಸಿ ಮೇಲೆ ವೆಲ್ಡಿಂಗ್ ಮಾಡಲು ಬಿಡಬೇಡಿ, ರೋಲ್ ಕೇಜ್ ಕಂಬಿಗೂ ಬೇಡ. ಬಿಸಿ ತಾಗಿದ ಜಾಗದಲ್ಲಿ ಉಕ್ಕಿನ ಗಟ್ಟಿತನ ಬದಲಾಗುತ್ತದೆ. ಬೋಲ್ಟ್ ಅಥವಾ ಕ್ಲ್ಯಾಂಪ್ ಮಾತ್ರ. ಗಾಡಿಯ ಮೇಲೆ ಬೇರೆ ಯಾವ ವೆಲ್ಡಿಂಗ್ ಮಾಡಿಸಿದರೂ ಮುಂಚೆ ಬ್ಯಾಟರಿ ವೈರ್ ಬಿಚ್ಚಿಸಿ.

ಎಂಥ ಬೋಲ್ಟ್ ಹಾಕಬೇಕು?

ತಲೆಯ ಮೇಲೆ 8.8 ಅಂತ ಗುರುತಿರುವ ಬೋಲ್ಟ್. ಎಂ10 ಅಥವಾ ಎಂ12, ನಿಮ್ಮ ಜಾಕ್ ಬಾರ್‌ನ ತೂತಿಗೆ ಯಾವುದು ಸರಿಯಾಗಿ ಕೂರುತ್ತದೋ ಅದು. ತೂತಿನೊಳಗೆ ಬರುವ ಭಾಗದಲ್ಲಿ ಮರೆ (ತಿರುಪಿನ ಗೀರು) ಇಲ್ಲದೆ ನುಣುಪಾಗಿರುವ ಬೋಲ್ಟ್ ಆದರೆ ಒಳ್ಳೇದು. ಮರೆ ಇದ್ದರೆ ಕುಲುಕಾಟಕ್ಕೆ ಅದು ಅರದ ಹಾಗೆ ತೂತನ್ನು ಕೆರೆಯುತ್ತದೆ. ಅದೇ ತೂತಿನಲ್ಲಿ ನಾಳೆ ಜಾಕ್‌ನ ಪಿನ್ ಕೂತು ಗಾಡಿ ಹೊರಬೇಕು.

ಬ್ರಾಕೆಟ್ ಅನ್ನು ಗಾಡಿಗೆ ಬಿಗಿಯುವ ಕಡೆ ನೈಲಾನ್ ರಿಂಗ್ ಇರುವ ಲಾಕ್ ನಟ್ ಹಾಕಿ. ಜಾಕ್ ಅನ್ನು ಬ್ರಾಕೆಟ್‌ಗೆ ಬಿಗಿಯುವ ಕಡೆ ಕೈಯಲ್ಲೇ ಬಿಚ್ಚಲು ಬರುವ ದೊಡ್ಡ ನಾಬ್ ಅಥವಾ ರೆಕ್ಕೆ ನಟ್ ಬೇಕು, ಯಾಕಂದರೆ ಕೆಸರಲ್ಲಿ ನಿಂತು ಸ್ಪ್ಯಾನರ್ ಹುಡುಕುವ ಹಾಗಿರಬಾರದು. ಅದು ಸಡಿಲವಾಗದಂತೆ ಕೆಳಗೊಂದು ಸ್ಪ್ರಿಂಗ್ ವಾಷರ್ ಹಾಕಿ. ಕೂರಿಸಿದ ಮೇಲೆ 50-100 ಕಿಮೀ ಓಡಿಸಿ ಎಲ್ಲ ಬೋಲ್ಟನ್ನೂ ಮತ್ತೊಮ್ಮೆ ಬಿಗಿಮಾಡಿ. ಆಮೇಲೆ ಪ್ರತಿ ಆಫ್‌ರೋಡ್‌ಗೆ ಹೊರಡುವ ಬೆಳಿಗ್ಗೆ ಟಯರ್ ಗಾಳಿ ನೋಡುವಾಗ ಇದನ್ನೂ ಒಮ್ಮೆ ಕೈಯಲ್ಲಿ ಅಲ್ಲಾಡಿಸಿ ನೋಡಿ.

ಗಡಗಡ ಸದ್ದು ತಲೆ ತಿನ್ನುತ್ತಿದೆ. ಏನು ಮಾಡಲಿ?

ಸದ್ದು ಮಾಡುವುದು ಮುಖ್ಯವಾಗಿ ಹ್ಯಾಂಡಲ್. ಜಾಕ್ ಜೊತೆ ಬರುವ ತಂತಿಯ ಕ್ಲಿಪ್ ಹ್ಯಾಂಡಲ್ ಅನ್ನು ಬಾರ್‌ಗೆ ಹಿಡಿದಿಡುತ್ತದೆ, ಆದರೆ ಸದ್ದು ನಿಲ್ಲಿಸಲ್ಲ. ಬಾರ್ ಮತ್ತು ಹ್ಯಾಂಡಲ್ ನಡುವೆ ಸಿಕ್ಕಿಸುವ ರಬ್ಬರಿನಂಥ ಒಂದು ತುಂಡು ಸಿಗುತ್ತದೆ, ಹ್ಯಾಂಡಲ್ ಕೀಪರ್ ಅಂತ ಕೇಳಿ. ಸಿಗದಿದ್ದರೆ ಹಳೇ ಸೈಕಲ್ ಟ್ಯೂಬ್ ಇದ್ದೇ ಇದೆ. ಎರಡು ಇಂಚು ಅಗಲದ ಪಟ್ಟಿ ಕತ್ತರಿಸಿ ಹ್ಯಾಂಡಲ್ ಮತ್ತು ಬಾರ್ ಎರಡನ್ನೂ ಸೇರಿಸಿ ಬಿಗಿಯಾಗಿ ಸುತ್ತಿ. ಬ್ರಾಕೆಟ್ ಮತ್ತು ಬಾರ್ ನಡುವೆಯೂ ಒಂದು ತುಂಡು ಟ್ಯೂಬ್ ಇಡಿ.

ಬುಡದ ತಟ್ಟೆಯೂ ಅಲ್ಲಾಡುತ್ತದೆ. ಅದರ ಪಿನ್ ತೆಗೆದರೆ ತಟ್ಟೆ ಬೇರೆಯಾಗಿ ಬರುತ್ತದೆ, ಟೂಲ್ ಬ್ಯಾಗಿನಲ್ಲಿ ಇಡಬಹುದು. ಆ ಪಿನ್ನನ್ನು ಮಾತ್ರ ತಟ್ಟೆಗೇ ಕಟ್ಟಿಡಿ. ಕತ್ತಲಲ್ಲಿ, ಇಂಬಳ ಹತ್ತುತ್ತಿರುವ ಕಾಲಲ್ಲಿ ನಿಂತು ಹುಲ್ಲಿನಲ್ಲಿ ಪಿನ್ ಹುಡುಕುವುದು ಸುಲಭವಲ್ಲ.

ಇಡುವಾಗ ಲಿವರ್ ಯಾವ ಕಡೆ ಇರಬೇಕು?

ಲಿವರ್ ಅಂದರೆ ರನ್ನರ್‌ನಲ್ಲಿರುವ, ಎತ್ತಬೇಕೋ ಇಳಿಸಬೇಕೋ ಅಂತ ಬದಲಿಸುವ ಸಣ್ಣ ಕಡ್ಡಿ. ಅದು ಮೇಲಕ್ಕೆ, ಅಂದರೆ ಎತ್ತುವ ಸ್ಥಿತಿಯಲ್ಲಿ ಇರಬೇಕು. ಹ್ಯಾಂಡಲ್ ಬಾರ್‌ಗೆ ಒತ್ತಿಕೊಂಡಿರಬೇಕು. ಇಳಿಸುವ ಸ್ಥಿತಿಯಲ್ಲಿ ಬಿಟ್ಟರೆ ಭಾರ ಇಲ್ಲದಿದ್ದಾಗ ರನ್ನರ್ ಬಾರ್ ಉದ್ದಕ್ಕೂ ಜಾರುತ್ತದೆ. ಜಾಕ್ ನೇರವಾಗಿ ನಿಲ್ಲಿಸಿ ಕಟ್ಟಿದ್ದರೆ ಬಿಚ್ಚುವ ಹೊತ್ತಿಗೆ ಬೆರಳ ಮೇಲೆ ಬಂದು ಬೀಳುತ್ತದೆ.

ಮಳೆ, ಕೆಸರಿನಿಂದ ಕಾಪಾಡುವುದು ಹೇಗೆ? ಗ್ರೀಸ್ ಹಚ್ಚಲಾ?

ಗ್ರೀಸ್ ಬೇಡವೇ ಬೇಡ, ಎಂಜಿನ್ ಆಯಿಲ್ ಕೂಡ ಬೇಡ. ಯಾಕೆ ಅಂತ ರನ್ನರ್ ಹತ್ತಿರ ಹೋಗಿ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಒಂದರ ಮೇಲೊಂದು ಎರಡು ಪಿನ್ ಇವೆ, ಹೆಚ್ಚುಕಮ್ಮಿ ಬೆರಳಿನ ಗಾತ್ರ. ಪ್ರತಿಯೊಂದರ ಹಿಂದೆ ಒಂದು ಸ್ಪ್ರಿಂಗ್. ಹ್ಯಾಂಡಲ್ ಒತ್ತಿದಾಗ ಒಂದು ಪಿನ್ ಬಾರ್‌ನ ತೂತಿನಲ್ಲಿ ಕೂತು ಭಾರ ಹೊರುತ್ತದೆ, ಇನ್ನೊಂದು ಹೊರಗೆ ಬಂದು ಮುಂದಿನ ತೂತಿಗೆ ಏರುತ್ತದೆ. ಆಮೇಲೆ ಇದರ ಸರದಿ. ಇಡೀ ಗಾಡಿ ನಿಂತಿರುವುದು ಆ ಹೊತ್ತಿಗೆ ಒಂದೇ ಪಿನ್ ಮೇಲೆ. ಗ್ರೀಸ್ ಹಚ್ಚಿದರೆ ಧೂಳು ಅಂಟಿ, ಅದು ಸ್ಪ್ರಿಂಗ್ ಸುತ್ತ ಗಟ್ಟಿಯಾಗಿ, ಪಿನ್ ಹೊರಗೆ ಬಂದದ್ದು ಒಳಗೆ ಹೋಗಲ್ಲ. ಕೆಮ್ಮಣ್ಣು ಒಣಗಿದರೂ ಇದೇ ಆಗುತ್ತದೆ.

ಪರೀಕ್ಷೆ ಸುಲಭ. ಭಾರ ಇಲ್ಲದಾಗ ಪಿನ್ ಅನ್ನು ಬೆರಳಲ್ಲಿ ಎಳೆದು ಬಿಡಿ. ಟಕ್ ಅಂತ ವಾಪಸ್ ಹೋಗಬೇಕು. ಸೋಮಾರಿಯಾಗಿ ಹೋದರೆ ಅದು ಕೆಲಸಕ್ಕೆ ತಯಾರಿಲ್ಲ.

ಪ್ರತಿ ಸಲ ಕೆಸರಿಗೆ ಹೋಗಿ ಬಂದ ಮೇಲೆ, ಕೆಸರು ಒಣಗುವ ಮುಂಚೆ, ಗಾಡಿ ತೊಳೆಯುವಾಗ ಜಾಕ್‌ಗೂ ನೀರು ಹೊಡೆಯಿರಿ. ಗಟ್ಟಿ ಬ್ರಷ್‌ನಿಂದ ಪಿನ್, ಸ್ಪ್ರಿಂಗ್ ಉಜ್ಜಿ. ಒಣಗಿಸಿ. ಪಂಚರ್ ಅಂಗಡಿಯವರ ಬಳಿ ಗಾಳಿ ಹೊಡೆಸಿದರೆ ಇನ್ನೂ ಚೆನ್ನ. ಆಮೇಲೆ ಡಬ್ಲ್ಯುಡಿ-40 ಥರದ ತೆಳು ಎಣ್ಣೆ ಅಥವಾ ಸಿಲಿಕಾನ್ ಸ್ಪ್ರೇ. ಬಾರ್‌ನ ಉದ್ದಕ್ಕೂ ತೆಳ್ಳಗೆ ಒರೆಸಿ. ಹೊರಗೆ ಕಟ್ಟುವವರು ರನ್ನರ್‌ಗೆ ವೆಲ್ಕ್ರೋ ಇರುವ ಹೊದಿಕೆ ಹಾಕಿ. ಹಳೇ ಟಾರ್ಪಾಲಿನ್‌ನಿಂದ ಹೊಲಿಸಿದರೂ ಆಗುತ್ತದೆ, ಆದರೆ ಕೆಳಗಡೆ ನೀರು ಹೋಗಲು ತೂತು ಬಿಡಿಸಿ. ನೀರು ಒಳಗೇ ನಿಂತರೆ ಹೊದಿಕೆ ಇಲ್ಲದ್ದೇ ವಾಸಿ.

ಕದ್ದುಕೊಂಡು ಹೋಗ್ತಾರಾ?

ಹೋಗುತ್ತಾರೆ. ಹೊರಗಿದ್ದು ಕೈಯಲ್ಲೇ ಬಿಚ್ಚಲು ಬರುವ ಯಾವುದನ್ನೂ ಲಾಡ್ಜ್ ಮುಂದೆ ರಾತ್ರಿಯಿಡೀ ಬಿಡಬಾರದು. ಬಾರ್‌ನ ತೂತಿಗೆ ಒಂದು ಪ್ಯಾಡ್‌ಲಾಕ್ ಹಾಕಿದರೆ ಸಾಕು. ಬೀಗದ ಕೀಲಿರಂಧ್ರಕ್ಕೆ ಕೆಸರು ಹೋಗಿ ಅದು ಬೇಕಾದಾಗಲೇ ತೆರೆಯದೇ ಇರುವುದುಂಟು. ರಬ್ಬರ್ ಮುಚ್ಚಳ ಇರುವ ಬೀಗ ಕೊಳ್ಳಿ, ಕೀಲಿ ಗಾಡಿ ಕೀಲಿಯ ಗೊಂಚಲಲ್ಲೇ ಇರಲಿ. ಆಫ್‌ರೋಡ್ ದಾರಿ ಶುರುವಾಗುವ ಕಡೆ ಟಯರ್ ಗಾಳಿ ಇಳಿಸುತ್ತೀರಲ್ಲ, ಆಗಲೇ ಬೀಗ ತೆಗೆದು ಗಾಡಿಯೊಳಗೆ ಹಾಕಿಬಿಡಿ.

ಪೊಲೀಸರು, ಆರ್‌ಟಿಒ ಕಡೆಯಿಂದ ತೊಂದರೆ ಬರುತ್ತಾ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲತಃ ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಇಂಥ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ಹೇಳುತ್ತದೆ. ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕಿದವರ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ.

ಗಾಡಿಯೊಳಗೆ ಇಟ್ಟ ಜಾಕ್ ಒಂದು ಸಾಮಾನು, ಅದರ ಬಗ್ಗೆ ಯಾರೂ ಕೇಳಲ್ಲ. ಹೊರಗೆ ಚಾಚಿಕೊಂಡಿದ್ದರೆ, ನಂಬರ್ ಪ್ಲೇಟ್ ಅಥವಾ ಲೈಟ್ ಮರೆಮಾಡಿದ್ದರೆ, ಮುಂದೆ ದಪ್ಪ ಉಕ್ಕಿನ ಬಂಪರ್ ಇದ್ದರೆ ನಿಲ್ಲಿಸಿ ಕೇಳುವ ಅವಕಾಶ ನೀವೇ ಕೊಟ್ಟ ಹಾಗೆ. ಜಾಕ್ ಒಳಗಿಡಿ ಅಂತ ಹೇಳುವುದಕ್ಕೆ ಇದೂ ಒಂದು ಕಾರಣ. ಅಪಘಾತವಾಗಿ ವಿಮೆ ಕೇಳುವಾಗಲೂ ಹೊರಗಿನ ಮಾರ್ಪಾಟುಗಳ ಬಗ್ಗೆ ತಕರಾರು ಬರಬಹುದು. ಪಾಲಿಸಿ ಕೊಟ್ಟವರಿಗೆ ಮೊದಲೇ ತಿಳಿಸಿ ಬರವಣಿಗೆಯಲ್ಲಿ ಇಟ್ಟುಕೊಳ್ಳಿ.

ಜಾಕ್ ಜೊತೆ ಇನ್ನೇನು ಇಟ್ಟುಕೊಳ್ಳಬೇಕು?

ಒಂದು ಹಲಗೆ. ಬುಡದ ತಟ್ಟೆ ಬರೀ 4 ಇಂಚು ಅಗಲ, 7 ಇಂಚು ಉದ್ದ. ಗಾಡಿಯ ಒಂದು ಮೂಲೆಯಿಂದ 600 ಕೆಜಿ ಅದರ ಮೇಲೆ ಬಂದರೆ ಪ್ರತಿ ಚದರ ಸೆಂಟಿಮೀಟರಿಗೆ 3 ಕೆಜಿಗೂ ಜಾಸ್ತಿ. ಗದ್ದೆ ಮಣ್ಣಿನಲ್ಲಿ ಗಾಡಿ ಏಳಲ್ಲ, ಜಾಕ್ ಇಳಿಯುತ್ತದೆ. ಒಂದಡಿ ಚೌಕದ, ಎರಡು ಇಂಚು ದಪ್ಪದ ಗಟ್ಟಿಮರದ ಹಲಗೆ ಇಟ್ಟರೆ ಒತ್ತಡ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ತಟ್ಟೆ ಜಾರದಂತೆ ಹಲಗೆಯ ಮೇಲೆ ಸುತ್ತ ರೀಪು ಹೊಡೆಸಿ. ಹಲಗೆಯನ್ನು ಸೀಟಿನ ಕೆಳಗೋ ಡಿಕ್ಕಿಯ ಮ್ಯಾಟ್ ಅಡಿಗೋ ಹಾಕಬಹುದು, ಕಾಣಿಸುವುದೂ ಇಲ್ಲ.

ಜೊತೆಗೆ ಎರಡು ಪಿನ್, ಸ್ಪ್ರಿಂಗ್‌ಗಳು, ಒಂದು ಶಿಯರ್ ಬೋಲ್ಟ್ ಒಂದು ಡಬ್ಬಿಯಲ್ಲಿ ಇರಲಿ. ಜಾಕ್ ಮೇಲೆ ಅತಿ ಭಾರ ಬಿದ್ದಾಗ ಮೊದಲು ತುಂಡಾಗಲಿ ಅಂತಲೇ ಇಟ್ಟಿರುವ ಬೋಲ್ಟ್ ಅದು. ಅದರ ಜಾಗಕ್ಕೆ ಅಂಗಡಿಯಲ್ಲಿ ಸಿಕ್ಕಿದ ಗಟ್ಟಿ ಬೋಲ್ಟ್ ಹಾಕಬೇಡಿ. ಆಗ ಬೇರೆ ಏನಾದರೂ ಮುರಿಯುತ್ತದೆ, ಬಹುಶಃ ನಿಮ್ಮ ಹತ್ತಿರದ್ದೇ. ಚಕ್ರಕ್ಕೆ ಕೊಡುವ ಎರಡು ಕಟ್ಟೆ, ಒಂದು ಜೊತೆ ಗಟ್ಟಿ ಗ್ಲೌಸ್ ಕೂಡ ಬೇಕು.

ಇಷ್ಟು ದಿನ ಕಟ್ಟಿಟ್ಟಿದ್ದೆ, ಈಗ ಬಳಸಬೇಕು. ಏನು ಎಚ್ಚರಿಕೆ?

ಮನೆ ಮುಂದೆ ಒಮ್ಮೆ ಅಭ್ಯಾಸ ಮಾಡದೆ ಕಾಡಲ್ಲಿ ಮುಟ್ಟಬೇಡಿ. ಈ ಜಾಕ್ ಹೆದರಿಸುವುದು ಎತ್ತುವಾಗಲ್ಲ, ಇಳಿಸುವಾಗ. ಹ್ಯಾಂಡಲ್ ಕೈತಪ್ಪಿದರೆ ಬಾರ್ ಕಡೆಗೆ ಬಡಿಯುತ್ತದೆ. ಭಾರ ಇದ್ದಾಗ ತಾನಾಗಿಯೇ ಮೇಲೆ ಕೆಳಗೆ ಹೊಡೆಯುತ್ತಾ ಗಾಡಿಯನ್ನು ಇಳಿಸುತ್ತಾ ಹೋಗಬಹುದು. ದವಡೆ ಮುರಿಯುವಷ್ಟು ಜೋರು. ಆದ್ದರಿಂದ ಹ್ಯಾಂಡಲ್ ಓಡಾಡುವ ದಾರಿಯಲ್ಲಿ ತಲೆ ಇಡಬೇಡಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಿರಿ, ಲಿವರ್ ಬದಲಿಸುವ ಮುಂಚೆ ಹ್ಯಾಂಡಲ್ ಅನ್ನು ಬಾರ್‌ಗೆ ಪೂರ್ತಿ ಒತ್ತಿ. ಕೈತಪ್ಪಿತು ಅಂದರೆ ಹಿಡಿಯಲು ಹೋಗಬೇಡಿ, ದೂರ ಸರಿಯಿರಿ. ಹಂತ ಹಂತವಾಗಿ ಇಳಿಯಲು ಜಾಕ್ ಮೇಲೆ ಸುಮಾರು 70 ಕೆಜಿಯಾದರೂ ಭಾರ ಇರಬೇಕು. ಕಡಿಮೆಯಾದರೆ ರನ್ನರ್ ಒಮ್ಮೆಲೇ ಬುಡಕ್ಕೆ ಜಾರುತ್ತದೆ.

ಎತ್ತಿದ ಗಾಡಿ ಕೆಳಗೆ ಯಾರೂ ಹೋಗಬಾರದು. ಜಾಕ್ ನಿಂತಿರುವುದು ಕೇವಲ ಒಂದು ಕಂಬದ ಮೇಲೆ, ಪಕ್ಕಕ್ಕೆ ವಾಲುವುದಕ್ಕೆ ಅದಕ್ಕೇನೂ ಅಡ್ಡಿಯಿಲ್ಲ. ಚಕ್ರದ ಕೆಳಗೆ ಕಲ್ಲು, ಹಲಗೆ ತುಂಬುವುದಿದ್ದರೆ ಉದ್ದದ ಕೋಲಿನಿಂದ ತಳ್ಳಿ.

ಮಳೆಗಾಲ ಮುಗಿದ ಮೇಲೆ ಆರು ತಿಂಗಳು ಬೇಡ. ಬಿಚ್ಚಿ ಇಡಲಾ?

ಖಂಡಿತ ಬಿಚ್ಚಿ. ದಿನಾ ಆಫೀಸಿಗೆ ಹೋಗುವ ಗಾಡಿಗೆ ಯಾಕೆ ಸುಮ್ನೆ 13 ಕೆಜಿ? ತೊಳೆದು, ಒಣಗಿಸಿ, ತೆಳು ಎಣ್ಣೆ ಒರೆಸಿ, ಒಣ ಜಾಗದಲ್ಲಿ ಗೋಡೆಯ ಎರಡು ಮೊಳೆಗೆ ಅಡ್ಡ ಹಾಕಿ. ಮಕ್ಕಳ ಕೈಗೆ ಸಿಗದ ಎತ್ತರ. ಖಾಲಿ ಬ್ರಾಕೆಟ್‌ನ ಬೋಲ್ಟುಗಳನ್ನು ಅಲ್ಲೇ ಬಿಗಿಮಾಡಿ ಬಿಡಿ, ಡಬ್ಬಿಗೆ ಹಾಕಿದರೆ ಜೂನ್‌ನಲ್ಲಿ ಸಿಗಲ್ಲ.

ಸೆಕೆಂಡ್ ಹ್ಯಾಂಡ್ ಜಾಕ್ ಕೊಳ್ಳಬಹುದಾ?

ಕೊಳ್ಳಬಹುದು, ನೋಡಿ ಕೊಳ್ಳಬೇಕು. ಬಾರ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಎಳೆದು ಹಿಡಿಯಿರಿ. ನಡುವೆ ಬಾಗಿದ್ದರೆ ಅಲ್ಲಿಗೇ ಬಿಡಿ. ತೂತುಗಳು ದುಂಡಗಿರಬೇಕು, ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅತಿಭಾರ ಹೊತ್ತದ್ದು ಅಂತ ಅರ್ಥ. ರನ್ನರ್‌ನಲ್ಲಿ ವೆಲ್ಡಿಂಗ್ ಗುರುತು ಕಂಡರೂ ಬೇಡ. ಪಿನ್ನು, ಸ್ಪ್ರಿಂಗು ಸವೆದಿದ್ದರೆ ಪರವಾಗಿಲ್ಲ, ಅವು ಬಿಡಿಯಾಗಿ ಸಿಗುತ್ತವೆ, ಆ ಖರ್ಚು ಬೆಲೆಯಲ್ಲಿ ಇಳಿಸಿಕೊಳ್ಳಿ. ದುಡ್ಡು ಕೊಡುವ ಮುಂಚೆ ಮಾರುವವರ ಗಾಡಿಯಲ್ಲೇ ಒಂದು ಚಕ್ರ ಎತ್ತಿ, ಪೂರ್ತಿ ಇಳಿಸಿ ತೋರಿಸಲು ಹೇಳಿ.